ಯಾಶ್‌ಗೆ ಎರಡು ಗಂಟೆ

ಸಾವಿರದ ಮುನ್ನೂರು ಕಿಲೋಮೀಟರ್, ಎರಡು ಗಂಟೆಗೆ ಐದು ನಿಮಿಷ ಕಡಿಮೆ, ಎಂದು ತಲೆಯ ಮೇಲಿನ ಜಾಲರಿಯೊಳಗಿಂದ ಗಂಡಸಿನ ದನಿಯೊಂದು ಹೇಳುತ್ತಿದೆ, ಸಂತೆಯಲ್ಲಿ ಆಲೂಗಡ್ಡೆಯ ದರ ಹೇಳಿದ ಹಾಗೆ, ಅವಸರವಿಲ್ಲ, ಅಳುಕಿಲ್ಲ, ಹೊರಡುತ್ತಿರುವ ಇಟಲಿಯ ಬೊಲೊನ್ಯಾದಲ್ಲಿ ಆಕಾಶ ತಿಳಿಯಾಗಿದೆಯಂತೆ, ಇಳಿಯಬೇಕಾದ ಯಾಶ್‌ನಲ್ಲಿ ಸ್ವಲ್ಪ ಮಂಜಿದೆಯಂತೆ — ಸ್ವಲ್ಪ ಎಂದರೆ ಎಷ್ಟು, ನವೆಂಬರಿನಲ್ಲಿ ಯಾಶ್‌ನ ಮಂಜು ಹೇಗಿರುತ್ತದೆಂದು ಈ ಮನುಷ್ಯನಿಗೆ ಗೊತ್ತೋ ಇಲ್ಲವೋ — ರೊದಿಕಾ ಕಿಟಕಿಯ ಪಕ್ಕದ ಸೀಟಿನಲ್ಲಿ ಚೀಲವನ್ನು ಮಡಿಲಿಗೆ ಒತ್ತಿಕೊಂಡು ಕೂತಿದ್ದಾಳೆ, ಅದನ್ನು ಸೀಟಿನ ಕೆಳಗಿಡಿ ಎಂದು ವಿಮಾನದ ಹುಡುಗಿ ಎರಡು ಸಲ ಹೇಳಿ ಹೋದಳು, ಎರಡು ಸಲವೂ ಇವಳು ತಲೆಯಾಡಿಸಿದಳು, ಇಡಲಿಲ್ಲ. ಚೀಲದೊಳಗೆ ಕರವಸ್ತ್ರ ಸುತ್ತಿದ ಮೇಣದಬತ್ತಿ ಇದೆ, ಜೇನುಮೇಣದ್ದು, ಈ ವರ್ಷದ ಈಸ್ಟರಿಗೆ ಬೊಲೊನ್ಯಾದ ನಮ್ಮವರ ಚರ್ಚಿನಲ್ಲಿ ಅರ್ಧ ಉರಿದು ಉಳಿದದ್ದು, ಅದರ ವಾಸನೆ ಚೀಲದ ಜಿಪ್ಪಿನಿಂದ ಹೊರಗೆ ಬರುತ್ತಿದೆ, ಅಥವಾ ಇವಳ ಮೂಗಿಗೆ ಮಾತ್ರ ಬರುತ್ತಿದೆ. ಸಾಯುವವರ ಕೈಯಲ್ಲಿ ಉರಿಯುವ ಬತ್ತಿ ಇರಬೇಕು, ಇಲ್ಲದಿದ್ದರೆ ಆಚೆಯ ದಾರಿಯೆಲ್ಲ ಕತ್ತಲೆ, ಎಂದೆಂದಿಗೂ ಕತ್ತಲೆ, ಊರಿನಲ್ಲಿ ಜಗಳವಾಡುವಾಗ ಬಾಯಿಗೆ ಬರುವ ಅತಿ ಕೆಟ್ಟ ಶಾಪವೇ ಅದು, ಬತ್ತಿ ಇಲ್ಲದೆ ಸಾಯಿ ಎನ್ನುವುದು, ಅಂಥ ಮಾತನ್ನು ಹಗೆಯವರಿಗೂ ಆಡಬಾರದು ಎಂದು ಅಕ್ಕ ಸಾವೆತಾ ಒಮ್ಮೆ ಇವಳ ಬಾಯಿಗೆ ಮೆಣಸಿನಪುಡಿ ಹಚ್ಚಿದ್ದಳು. ಆ ಸಾವೆತಾ ಈಗ ಯಾಶ್‌ನಿಂದ ಆಚೆ ಪ್ರೂತ್ ನದಿಯ ಕಡೆಯ ಹಳ್ಳಿಯಲ್ಲಿ, ಒಲೆಯ ಪಕ್ಕದ ಮಂಚದ ಮೇಲೆ, ಜೀವ ಹಿಡಿದುಕೊಂಡು ಮಲಗಿದ್ದಾಳೆ.

ಚಕ್ರ ನೆಲ ಬಿಟ್ಟಿತು, ಕೆಳಗೆ ಕೆಂಪು ಹೆಂಚುಗಳ ಬೊಲೊನ್ಯಾ ಓರೆಯಾಯಿತು, ಆದರೆ ಕಿವಿಯಲ್ಲಿ ಇನ್ನೂ ಮಗಳು ಇಲಿಂಕಾಳ ದನಿಯೇ ಇದೆ, ಅರ್ಧ ಗಂಟೆಯ ಹಿಂದೆ ವಿಮಾನ ಹತ್ತುವ ಸಾಲಿನಲ್ಲಿ ನಿಂತಿದ್ದಾಗ ಫೋನು ಬಂದದ್ದು, ಇಟಲಿ ಅಮ್ಮಾ ಎಲ್ಲಿದೀಯಾ, ಸಾಲಲ್ಲಿದೀನಿ ಮಗಳೇ, ಇನ್ನೇನು ಹತ್ತಬೇಕು, ಇಲ್ಲಿ ಇವಳ ಉಸಿರು ಬೇರೆ ಥರ ಆಗಿದೆ, ಪಕ್ಕದ ಮನೆ ಕತಿಂಕಾ ಅಜ್ಜಿ ಬಂದು ಪಾದ ಮುಟ್ಟಿ ನೋಡಿದ್ರು, ತಣ್ಣಗಿದೆಯಂತೆ, ಬತ್ತಿ ಹಚ್ಚು ಅಂತಿದಾರೆ, ಹಚ್ಚಲಾ. ಬೇಡ. ಎಷ್ಟು ಬೇಗ ಬಂತು ಆ ಮಾತು ಬಾಯಿಂದ, ಯೋಚಿಸಲೂ ಇಲ್ಲ, ಮುಂದೆ ನಿಂತವನು ತಿರುಗಿ ನೋಡುವಷ್ಟು ಜೋರಾಗಿ, ಬೇಡ, ಹಚ್ಚಬೇಡ, ಬೇಗ ಹಚ್ಚಿದ್ರೆ ಸಾವನ್ನ ಕೈಬೀಸಿ ಕರೆದ ಹಾಗೆ ಅಂತ ಗೊತ್ತಿಲ್ವಾ ನಿಂಗೆ, ಈಸ್ಟರ್ ಬತ್ತಿ ನನ್ನ ಹತ್ರ ಇದೆ, ನಾನೇ ಬಂದು ಕೈಲಿಡ್ತೀನಿ, ರೊದಿಕಾ ಬರ್ತಿದಾಳೆ ತಡ್ಕೋ ಅಂತ ಅವಳ ಕಿವೀಲಿ ಹೇಳು. ಆ ಕಡೆ ಯಾರೋ ನೀರು ಬಗ್ಗಿಸುವ ಸದ್ದು, ಆಮೇಲೆ, ಅವಳಿಗೆ ತುಂಬಾ ನೋವಾಗ್ತಿದೆ ಇಟಲಿ ಅಮ್ಮಾ. ಎರಡೇ ಗಂಟೆ ಕಣೇ, ಇನ್ನೆರಡೇ ಗಂಟೆ, ನಾನು ಬರೋವರ್ಗೂ ಹಚ್ಚಲ್ಲ ಅಂತ ಮಾತು ಕೊಡು. ಸರಿ. ಸರಿ ಅಂದ್ರೆ ಆಗಲ್ಲ, ಮಾತು ಕೊಡು. ಕೊಟ್ಟೆ. ಫೋನು ಆರಿಸಿ ಒಳಗೆ ಬಂದು ಕೂತಳು, ಎರಡು ಗಂಟೆ ಎಂದದ್ದು ವಿಮಾನದ ಲೆಕ್ಕ, ಇಳಿದು ಕಾರು ಹಿಡಿದು ಹಳ್ಳಿ ತಲುಪಲು ಇನ್ನೂ ಒಂದು ಗಂಟೆಯಾದರೂ ಬೇಕು ಎಂಬುದನ್ನು ಹುಡುಗಿಗೆ ಹೇಳಲಿಲ್ಲ, ಹುಡುಗಿಗೆ ಅದು ಗೊತ್ತಿಲ್ಲವೇ, ಗೊತ್ತಿದೆ, ಕೇಳಲಿಲ್ಲ ಅಷ್ಟೆ.

ಅಕ್ಕಾ, ವಿಮಾನದಲ್ಲಿ ಕರೆಂಟು ಹೋಗಲ್ಲ, ಬತ್ತಿ ಯಾಕೆ ತಂದ್ರಿ, ಎಂದು ಪಕ್ಕದವನು ಕೇಳಿದಾಗಲೇ ತಿಳಿದದ್ದು ತಾನು ಕರವಸ್ತ್ರ ಬಿಚ್ಚಿ ಅದನ್ನು ಕೈಯಲ್ಲಿ ಹಿಡಿದಿದ್ದೇನೆ ಎಂದು, ದಪ್ಪ ಭುಜದ ಗಾರೆ ಕೆಲಸದವನು, ಉಗುರಿನ ಅಂಚಿನಲ್ಲಿ ಸುಣ್ಣ, ಕಾಗದದೊಳಗೆ ದಪ್ಪ ಬ್ರೆಡ್ಡು, ಒಣಮಾಂಸದ ಸಲಾಮೆ, ಮುಖದ ತುಂಬ ನಗು, ರಜೆಗೆ ಊರಿಗೆ ಹೊರಟವರ ನಗು. ನಮ್ಮಕ್ಕ ಸಾಯ್ತಾ ಇದಾಳೆ, ಅವಳಿಗೆ. ನಗು ಎಲ್ಲಿ ಹೋಯಿತೋ, ಬ್ರೆಡ್ಡನ್ನು ಮಡಿಚಿ ಜೇಬಿಗೆ ತುರುಕಿದ, ಮೂರು ಸಲ ಶಿಲುಬೆ ಗುರುತು ಮಾಡಿಕೊಂಡ, ಕ್ಷಮಿಸಿ ಅಕ್ಕಾ, ನನ್ನ ಬಾಯೇ ಹಿಂಗೆ, ಹೆಂಡ್ತಿ ದಿನಾ ಬೈತಾಳೆ. ಪರವಾಗಿಲ್ಲ ಬಿಡಪ್ಪಾ. ಕಾಯ್ತಾರೆ ಅಕ್ಕಾ, ಹೆದರಬೇಡಿ, ನಮ್ಮಪ್ಪ ನನಗೋಸ್ಕರ ಮೂರು ದಿನ ಕಾದ್ರು, ಆಗ ನಾನು ಟೊರಿನೋದಲ್ಲಿ, ಬಸ್ಸಲ್ಲಿ ಬರ್ಬೇಕಿತ್ತು, ಡಾಕ್ಟರು ಅವತ್ತೇ ಮುಗೀತು ಅಂದಿದ್ರಂತೆ, ಇವರು ಬಾಗಿಲು ನೋಡ್ಕೊಂಡೇ ಮೂರು ದಿನ, ನಾನು ಹೊಸಲು ದಾಟಿದ ಮೇಲೇನೇ ಹೋಗಿದ್ದು. ಮೂರು ದಿನ. ಹೂಂ, ತುಂಬಾ ಒದ್ದಾಡಿದ್ರಂತೆ, ಅರಚ್ತಿದ್ರಂತೆ, ಆದ್ರೂ ಕಾದ್ರು ನೋಡಿ. ಅದನ್ನು ಅವನು ಹೆಮ್ಮೆಯಿಂದ ಹೇಳುತ್ತಿದ್ದಾನೆ, ತಂದೆ ಬಿಟ್ಟುಹೋದ ಆಸ್ತಿಯ ಬಗ್ಗೆ ಹೇಳುವವನ ಹಾಗೆ, ರೊದಿಕಾ ಕಿಟಕಿಯ ಕಡೆ ತಿರುಗಿದಳು, ಮೂರು ದಿನ ಅರಚಿದ ಮುದುಕ ಯಾರೆಂದು ಗೊತ್ತಿಲ್ಲ, ಅವನ ಮುಖ ಕಾಣುವುದಿಲ್ಲ, ಕಾಣುವುದು ಸಾವೆತಾಳ ಬಾಯಿ, ಒಣಗಿದ ತುಟಿ, ತಡ್ಕೋ ಎಂದು ಯಾರೋ ಕಿವಿಯಲ್ಲಿ ಹೇಳುತ್ತಿದ್ದಾರೆ. ಕೆಳಗೆ ಹೊಳೆಯುತ್ತಿರುವುದು ಸಮುದ್ರವಿರಬೇಕು.

ಕೈಗಡಿಯಾರ ಒಂಬತ್ತು ತೋರಿಸುತ್ತಿದೆ, ಅಂದರೆ ಬೊಲೊನ್ಯಾದಲ್ಲಿ ಎಂಟು, ಹತ್ತೊಂಬತ್ತು ವರ್ಷದಿಂದ ಈ ಗಡಿಯಾರದ ಮುಳ್ಳು ಊರಿನ ಸಮಯದಲ್ಲೇ ಇದೆ, ಒಂದು ಗಂಟೆ ಮುಂದೆ, ತಿರುಗಿಸಲು ಕೈ ಬರಲಿಲ್ಲ, ತಾನು ನೋಡಿಕೊಳ್ಳುವ ಮುದುಕಿ ಸಿನ್ಯೋರಾ ಇರ್ಮಾಳ ಅಡುಗೆಮನೆಯ ಗೋಡೆ ಗಡಿಯಾರ ಏಳು ಹೊಡೆದರೆ ಅಲ್ಲಿ ಎಂಟು, ಈಗ ಇಲಿಂಕಾ ಶಾಲೆಯ ದಾರಿಯಲ್ಲಿ, ಈಗ ಸಾವೆತಾ ಹಸುವಿನ ಹಾಲು ಕರೆದು ಮುಗಿಸಿದಳು, ಈಗ ಇಬ್ಬರೂ ಒಂದೇ ತಟ್ಟೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಗಿಣ್ಣು ತಿನ್ನುತ್ತಿದ್ದಾರೆ, ಮುದುಕಿಯ ಬಾಯೊರೆಸುತ್ತ ಮನಸ್ಸಿನಲ್ಲಿ ಅಲ್ಲಿಯ ಹೊತ್ತನ್ನು ಕಳೆಯುತ್ತಿದ್ದಳು, ಏನ್ ನೋಡ್ತೀಯೇ ಆ ಕೈಗಡಿಯಾರನ, ಅದು ತಪ್ಪು ತೋರಿಸ್ತಿದೆ ಎಂದು ಇರ್ಮಾ ರೇಗುತ್ತಿದ್ದಳು, ತಪ್ಪಲ್ಲ ಸಿನ್ಯೋರಾ, ಅದು ನಮ್ಮ ಮನೆಯದು. ಟಿಕೆಟ್ಟಿನಲ್ಲಿ ಏಳಕ್ಕೆ ಹೊರಟು ಹತ್ತಕ್ಕೆ ತಲುಪುವುದು ಎಂದಿರುತ್ತದೆ, ಕೂತದ್ದು ಎರಡೇ ಗಂಟೆ, ಊರಿಗೆ ಹೋಗುವಾಗ ಒಂದು ಗಂಟೆಯನ್ನು ದಾರಿಯಲ್ಲಿ ಯಾರೋ ಕಿತ್ತುಕೊಳ್ಳುತ್ತಾರೆ, ವಾಪಸು ಬರುವಾಗ ಕೊಡುತ್ತಾರೆ, ಬೊಲೊನ್ಯಾದಲ್ಲಿ, ಅಲ್ಲಿ ಅದನ್ನು ಏನು ಮಾಡುವುದು. ಮೊದಲ ಸಲ ಹೋದಾಗ ವಿಮಾನವಿರಲಿಲ್ಲ, ಇದ್ದರೂ ನಮ್ಮಂಥವರಿಗಲ್ಲ, ವ್ಯಾನಿನಲ್ಲಿ ಎಂಟು ಹೆಂಗಸರು, ಎರಡು ಹಗಲು ಎರಡು ರಾತ್ರಿ, ಕಾಲು ಊದಿ ಶೂ ಹಿಡಿಸಲಿಲ್ಲ, ಇಲಿಂಕಾಗೆ ಆಗ ಮೂರು ವರ್ಷ, ಅವಳಪ್ಪ ಅದಾಗಲೇ ಇನ್ನೊಬ್ಬಳ ಜೊತೆ ಎತ್ತಲೋ ಹೋಗಿಯಾಗಿತ್ತು, ಸಾವೆತಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಕವಲುದಾರಿಯಲ್ಲಿ ನಿಂತಿದ್ದಳು, ಹೋಗೇ ನೀನು, ಹಿಂದೆ ನೋಡಬೇಡ, ಮಗು ಅಳುತ್ತೆ, ಎರಡು ವರ್ಷ ಅಂದ್ಯಲ್ಲ, ಎರಡು ವರ್ಷ ನನಗೇನು ದೊಡ್ಡದು. ಎರಡು ವರ್ಷ ಹತ್ತೊಂಬತ್ತಾಯಿತು, ಹುಡುಗಿ ದೊಡ್ಡಮ್ಮ ಎನ್ನಬೇಕಾದವಳನ್ನು ಅಮ್ಮ ಎಂದಳು, ಮೊದಲ ಸಲ ರಜೆಗೆ ಹೋದಾಗ ಸಾವೆತಾ ನಾಚಿಕೊಂಡು, ಅಲ್ವೇ ಪುಟ್ಟಿ, ಅಮ್ಮ ಇವಳು, ನಾನು ದೊಡ್ಡಮ್ಮ ಎಂದು ತಿದ್ದಿದಳು, ಮಗು ಇಬ್ಬರನ್ನೂ ನೋಡಿ ತನಗೆ ತೋಚಿದಂತೆ ನ್ಯಾಯ ತೀರಿಸಿತು, ಇವಳು ಅಮ್ಮ, ಅವಳು ಇಟಲಿ ಅಮ್ಮ. ಆವತ್ತು ಎಲ್ಲರೂ ನಕ್ಕರು, ರೊದಿಕಾಳೂ ನಕ್ಕಳು.

ಎಷ್ಟು ದೂರ ಅದು, ಎಂದು ಸಾವೆತಾ ಪ್ರತಿ ಸಲವೂ ಕೇಳುತ್ತಿದ್ದಳು, ಗೊತ್ತಿದ್ದೂ ಕೇಳುತ್ತಿದ್ದಳು, ಈ ಆಗಸ್ಟಿನಲ್ಲೂ ಕೇಳಿದಳು, ಅಂಗಳದಲ್ಲಿ ನಿಂತು ಸೇಬು ಹೆಚ್ಚುತ್ತ, ಕೂತರೆ ಹೊಟ್ಟೆ ಒತ್ತುತ್ತದೆ ಎಂದು ನಿಂತಿದ್ದಳು, ಅದು ಆಗ ತಿಳಿಯಲಿಲ್ಲ, ಸಾವಿರದ ಮುನ್ನೂರು ಕಿಲೋಮೀಟರ್ ಅಕ್ಕಾ, ಎರಡು ಗಂಟೆ. ಎರಡು ಗಂಟೆ ಅಂದ್ರೆ ನಾನು ಯಾಶ್ ಪೇಟೆಗೆ ಹೋಗಿ ಬರೋ ಹೊತ್ತು. ಹೂಂ, ಅಷ್ಟೇ. ಹಂಗಾದ್ರೆ ಬರಲ್ವಲ್ಲೇ ನೀನು. ತಮಾಷೆಗೆ ಎಂಬಂತೆ ಅಂದಳು, ಸಿಪ್ಪೆಯನ್ನು ಕೋಳಿಗಳ ಕಡೆ ಎಸೆದಳು, ದೂರ ಇದ್ದಿದ್ರೆ ಬರಲಿಲ್ಲ ಅಂತ ಸುಮ್ಮನಿರಬಹುದಿತ್ತು ನೋಡು, ಈ ಎರಡು ಗಂಟೆನೇ ಕಷ್ಟ. ಗೆಡ್ಡೆ ಆಗಲೇ ಹೊಟ್ಟೆಯಲ್ಲಿತ್ತು, ಅವಳಿಗೆ ಗೊತ್ತಿತ್ತು, ಇಲಿಂಕಾಗೂ ಗೊತ್ತಿತ್ತು, ಇಟಲಿ ಅಮ್ಮನಿಗೆ ಹೇಳಬೇಡ, ಅವಳ ಮುದುಕಿನ ನೋಡ್ಕೊಳೋರು ಯಾರು ಎಂದು ಬಾಯಿ ಕಟ್ಟಿದ್ದಳಂತೆ, ಮೂರು ವಾರದ ಹಿಂದೆ ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಹುಡುಗಿ ತಡೆಯಲಾರದೆ ಫೋನು ಮಾಡಿ ಅತ್ತಳು, ಬಾ ಎಂದಳು, ಆವತ್ತೇ ಹೊರಡಬೇಕಿತ್ತು, ಆವತ್ತೇ, ಆದರೆ ಇರ್ಮಾಳ ಮಗಳು ಕೈಹಿಡಿದುಕೊಂಡಳು, ಬದಲಿ ಸಿಗೋವರೆಗಾದ್ರೂ ಇರು ರೊದಿಕಾ, ನಿನ್ನ ಬಿಟ್ರೆ ಅಮ್ಮ ಯಾರ ಕೈಯಿಂದಲೂ ತಿನ್ನಲ್ಲ, ಒಂದು ವಾರ, ಆಮೇಲೆ ಇನ್ನೊಂದು ವಾರ, ಬದಲಿಗೆ ಬಂದವಳನ್ನು ಮುದುಕಿ ಕಚ್ಚಿದಳು, ಮತ್ತೆ ಇನ್ನೊಬ್ಬಳನ್ನು ಹುಡುಕಬೇಕಾಯಿತು. ನಿನ್ನೆ ಸಂಜೆ ಇರ್ಮಾಳ ಹಲ್ಲಿನ ಸೆಟ್ಟು ತೊಳೆದಿಟ್ಟು, ಕಾಲಿಗೆ ಎಣ್ಣೆ ಹಚ್ಚಿ, ನಾಳೆ ಹೋಗ್ತಿದೀನಿ ಸಿನ್ಯೋರಾ ಎಂದರೆ, ನಾಳೆ ನನ್ನ ಹಾಲು ಕಾಫಿ ಯಾರು ಕೊಡ್ತಾರೆ ಎಂದಳು, ತೊಂಬತ್ತೆರಡು ವರ್ಷ, ಅವಳನ್ನು ಬೈದು ಏನು ಪ್ರಯೋಜನ. ಬೈಯಬೇಕಾದದ್ದು ಯಾರನ್ನೆಂದು ರೊದಿಕಾಗೆ ಗೊತ್ತು.

ಎಷ್ಟು ಜನರ ಕೈ ಹಿಡಿದಿದ್ದೇನೆ, ಕೊನೆಯ ಹೊತ್ತಿನಲ್ಲಿ, ಅವರ ಮಕ್ಕಳು ಕಾರಿನಲ್ಲಿ ದಾರಿಯಲ್ಲಿದ್ದಾಗ, ಇರ್ಮಾಗಿಂತ ಮೊದಲು ನೋಡಿಕೊಂಡ ಸಿನ್ಯೋರ್ ಅಲ್ದೋ ಹೋಗುವಾಗ ಬತ್ತಿ ಹಚ್ಚಿ ಕೈಯಲ್ಲಿಡಲು ಹೋಗಿದ್ದಳು, ಆಗಷ್ಟೇ ಬಂದ ಮಗ ಬಾಗಿಲಲ್ಲಿ ಕಿರುಚಿದ, ಹುಚ್ಚು ಹಿಡಿದಿದೆಯಾ ನಿನಗೆ, ಆಕ್ಸಿಜನ್ ಸಿಲಿಂಡರ್ ಇದೆ, ಮನೆ ಹಾರಿಸ್ತೀಯಾ, ಹೌದಲ್ಲ ಎನ್ನಿಸಿ ಉಫ್ ಎಂದು ಊದಿದಳು, ಆರಿದ ಬತ್ತಿಯ ಹೊಗೆ, ಅಲ್ದೋನ ಕಣ್ಣು ಆ ಹೊಗೆಯ ಹಿಂದೆ ಹೋದ ಹಾಗಿತ್ತು, ಬರಿಗೈಯನ್ನೇ ಅವನ ಬೆರಳುಗಳ ಸುತ್ತ ಅಡ್ಡ ಹಿಡಿದು ಕೂತಳು, ಒಳಗೆ ಉರಿ ಇದೆ ಎಂಬಂತೆ — ಆ ಥರ ಕೈ ಹಿಡಿಯುವುದನ್ನು ಕಲಿಸಿದವಳು ಸಾವೆತಾ. ಈಸ್ಟರಿನ ರಾತ್ರಿ, ಚರ್ಚಿನಿಂದ ಮನೆಗೆ ಬೆಳಕು ತರುವುದು, ಅಮ್ಮ ತೀರಿಕೊಂಡ ವರ್ಷ, ರೊದಿಕಾಗೆ ಆರು, ಸಾವೆತಾಗೆ ಹದಿನಾಲ್ಕು, ಪ್ರೂತ್ ಕಡೆಯಿಂದ ಗಾಳಿ ಬೀಸುತ್ತಿತ್ತು, ಕೆಸರಿನ ಓಣಿ, ಮುಂದೆ ಸಾವೆತಾ, ಹಿಂದೆ ಇವಳು, ನನ್ನ ನೋಡಬೇಡ, ನಿನ್ನ ಬತ್ತಿ ನೋಡ್ಕೋ ಎಂದು ಗದರುತ್ತಿದ್ದಳು, ಇವಳು ಅವಳನ್ನೇ ನೋಡುತ್ತಿದ್ದಳು, ಅವಳ ಕೈಯನ್ನು, ಬತ್ತಿಗೆ ಅಡ್ಡ ಹಿಡಿದ ಕೈ, ಬೆರಳ ಸಂದಿಯಲ್ಲಿ ಕೆಂಪು, ಬೆರಳ ಅಂಚೆಲ್ಲ ಕೆಂಪು, ಒಳಗಿನ ಮೂಳೆ ಕೂಡ ಕಾಣುತ್ತದೆ ಎನ್ನಿಸುವಷ್ಟು, ಕೈಯೇ ಹೊತ್ತಿಕೊಂಡಿದೆ, ಆದರೂ ಇವಳಿಗೆ ಸುಡುತ್ತಿಲ್ಲವಲ್ಲ ಎಂದು ಬೆರಗಿನಿಂದ ನೋಡುತ್ತಿರುವಾಗಲೇ ತನ್ನದು ಆರಿಹೋಯಿತು. ಅಕ್ಕಾ. ಏನೇ. ನಂದು ಹೋಯ್ತು. ಬೈಯಲಿಲ್ಲ, ನಿಂತಳು, ತನ್ನ ಬತ್ತಿಯಿಂದ ಇವಳದನ್ನು ಹಚ್ಚಿದಳು, ಯಾರಿಗೂ ಹೇಳಬೇಡ, ಚರ್ಚಿಂದ ಇಲ್ಲೀತನಕ ಆರೇ ಇಲ್ಲ ಅಂತ ಹೇಳು. ಪ್ರತಿ ವರ್ಷವೂ ಆರುತ್ತಿತ್ತು, ಪ್ರತಿ ವರ್ಷವೂ ಹಚ್ಚಿಕೊಡುತ್ತಿದ್ದಳು, ಇಬ್ಬರೂ ಯಾರಿಗೂ ಹೇಳಲಿಲ್ಲ.

ಅದಕ್ಕೇ ನಾನೇ ಹಚ್ಚಬೇಕು ಎಂದದ್ದು, ಒಂದು ಸಲವಾದರೂ ನನ್ನ ಬತ್ತಿಯಿಂದ ಅವಳಿಗೆ — ಸುಳ್ಳು, ಪೂರ್ತಿ ಸುಳ್ಳಲ್ಲ, ಆದರೆ ಸುಳ್ಳು, ಬೇಗ ಹಚ್ಚಿದರೆ ಸಾವನ್ನು ಕರೆದ ಹಾಗೆ ಎಂಬುದೂ ನೆಪ, ಪಾದ ತಣ್ಣಗಾದ ಮೇಲೆ ಬೇಗ ಏನು ಬಂತು, ಇಲಿಂಕಾ ಅವಳ ಕೈಯಲ್ಲಿ ಬತ್ತಿ ಇಡುವುದನ್ನು ನೆನೆಸಿಕೊಂಡರೆ ಆಗುವುದಿಲ್ಲ, ಮಗಳು ತಾಯಿಗೆ ಹಿಡಿಯುವುದು ಅದು, ಊರೆಲ್ಲ ನಿಂತು ನೋಡುವಾಗ ನನ್ನ ಮಗಳು ಅವಳಿಗೆ ಹಿಡಿದುಬಿಟ್ಟರೆ ಮುಗಿಯಿತು, ನಾನು ಪಾರ್ಸೆಲ್ಲು ಕಳಿಸಿದವಳು, ಚಾಕೊಲೇಟು, ಶೂ, ಕಾಲೇಜಿನ ಫೀಸು. ಆಗಲೇ ತಲೆಯ ಮೇಲಿನ ದನಿ ಮತ್ತೆ ಬಂತು, ಅದೇ ಅವಸರವಿಲ್ಲದ ದನಿ, ಯಾಶ್‌ನಲ್ಲಿ ಮಂಜು ದಟ್ಟವಾಗಿದೆ, ಸ್ವಲ್ಪ ಹೊತ್ತು ಮೇಲೆಯೇ ಸುತ್ತು ಹಾಕುತ್ತೇವೆ, ತಿಳಿಯಾಗದಿದ್ದರೆ ಸುಚಾವಾದಲ್ಲಿ ಇಳಿಸುತ್ತೇವೆ. ಸುಚಾವಾ ಎಂದರೆ ಅಲ್ಲಿಂದ ರಸ್ತೆಯಲ್ಲಿ ಮೂರು ಗಂಟೆ. ಸುತ್ತಲೂ ಜನ ಗೊಣಗುತ್ತಿದ್ದಾರೆ, ಯಾರದೋ ಮಗು ಅಳುತ್ತಿದೆ, ಹಿಂದಿನ ಸೀಟಿನ ಹೆಂಗಸು ನಮ್ಮವನು ಹೊರಗಡೆ ಕಾಯ್ತಿದಾನಲ್ಲಪ್ಪಾ ಎನ್ನುತ್ತಿದ್ದಾಳೆ, ರೊದಿಕಾ ಏಳಲು ಹೋದಳು, ಬೆಲ್ಟು ಅವಳನ್ನು ಮತ್ತೆ ಕೂರಿಸಿತು, ಫೋನು ಮಾಡಬೇಕು, ಒಂದೇ ಒಂದು ಮಾತು, ಎಂದು ವಿಮಾನದ ಹುಡುಗಿಯ ತೋಳು ಹಿಡಿದಳು, ಇಲ್ಲಿಂದ ಆಗಲ್ಲ ಅಮ್ಮಾ, ಇಳಿದ ತಕ್ಷಣ ಮಾಡಿ, ಒಂದೇ ಮಾತು ಕಣಮ್ಮಾ, ಆಗಲ್ಲ, ಕ್ಷಮಿಸಿ. ಫೋನು ಹಚ್ಚಿ ನೋಡಿದಳು, ಮೇಲಿನ ಮೂಲೆಯಲ್ಲಿ ಸಿಗ್ನಲ್ಲಿನ ಗೆರೆ ಒಂದೂ ಇಲ್ಲ, ಮತ್ತೆ ಆರಿಸಿದಳು, ಗಡಿಯಾರದಲ್ಲಿ ಹತ್ತು ದಾಟಿದೆ. ಕೆಳಗೆ, ಈ ಬಿಳಿಯ ಅಡಿಯಲ್ಲಿ, ಎಲ್ಲೋ ಆ ಮನೆ ಇದೆ, ಸಾವಿರದ ಮುನ್ನೂರು ಕಿಲೋಮೀಟರ್ ಮುಗಿದುಹೋಗಿದೆ, ಇನ್ನು ಉಳಿದದ್ದು ಕೆಳಗಿನದು ಮಾತ್ರ, ಅದು ಮುಗಿಯುತ್ತಿಲ್ಲ.

ಎಡಕ್ಕೆ ವಾಲಿತು ವಿಮಾನ, ಬಿಸಿಲು ಕಿಟಕಿಯಿಂದ ಒಳಗೆ ಬಂತು, ಮಡಿಲಿನ ಮೇಲೆ ಹರಿದು, ಬತ್ತಿಯ ಮೇಲೆ, ಗಾರೆಯವನ ಮೊಣಕೈ ಮೇಲೆ ಹೋಗಿ ಹೊರಟುಹೋಯಿತು, ಮತ್ತೆ ನೆರಳು, ಮತ್ತೆ ತಿರುಗಿ ಬಿಸಿಲು, ಮೇಲೆ ಇಷ್ಟು ಬಿಸಿಲು, ಕೆಳಗೆ ಅವಳಿಗೆ ಕತ್ತಲೆ, ಹಚ್ಚಬೇಡ ಎಂದಿದ್ದೇನೆ, ಮಾತು ಕಸಿದುಕೊಂಡಿದ್ದೇನೆ, ಈಗ ಅವಳ ಉಸಿರು ನಿಂತರೆ ಪಕ್ಕದಲ್ಲಿ ಬೆಂಕಿಪೊಟ್ಟಣ ಇದ್ದೂ ಹುಡುಗಿ ಕೈಕಟ್ಟಿ ಕೂತಿರುತ್ತಾಳೆ, ಇಟಲಿ ಅಮ್ಮ ಬೇಡ ಅಂದಿದಾಳೆ ಅಜ್ಜಿ, ಮಾತು ಕೊಟ್ಟಿದೀನಿ, ಬತ್ತಿ ಇಲ್ಲದೆ ಹೋಗುತ್ತಾಳೆ ಸಾವೆತಾ, ಹಗೆಯವರಿಗೂ ಆಡಬಾರದ ಮಾತನ್ನು ನಾನು ಅವಳಿಗೆ ನಿಜ ಮಾಡಿದೆ, ಅಥವಾ ಹೋಗದೆ ಒದ್ದಾಡುತ್ತಿದ್ದಾಳೆ, ತಡ್ಕೋ ಎಂದದ್ದಕ್ಕೆ, ಯಾವತ್ತೂ ನನ್ನ ಮಾತು ತೆಗೆದುಹಾಕಿದವಳಲ್ಲ, ಎರಡು ವರ್ಷ ನೋಡ್ಕೋ ಎಂದರೆ ಹತ್ತೊಂಬತ್ತು ವರ್ಷ ನೋಡಿಕೊಂಡವಳು, ಎರಡು ಗಂಟೆ ತಡ್ಕೋ ಎಂದರೆ ಎಷ್ಟು ದಿನ ಬೇಕಾದರೂ. ಬೇಡ ಅಕ್ಕಾ. ಇಲಿಂಕಾ, ಹಚ್ಚೇ. ಯಾವತ್ತು ಕೇಳಿದ್ದೀಯಾ ನನ್ನ ಮಾತು, ಕೂದಲು ಕತ್ತರಿಸಬೇಡ ಎಂದರೆ ಕತ್ತರಿಸಿದೆ, ಇಟಲಿಗೆ ಬಂದು ಓದು ಎಂದರೆ ಅಮ್ಮನ್ನ ಬಿಟ್ಟು ಬರಲ್ಲ ಎಂದೆ, ನನ್ನನ್ನು ಅಮ್ಮ ಅನ್ನು ಎಂದರೆ ಕಿಟಕಿಯ ಕಡೆ ನೋಡಿದೆ, ಇವತ್ತೊಂದು ದಿನ ವಿಧೇಯಳಾಗಬೇಡ, ಕೇಳಬೇಡ ನನ್ನ ಮಾತು, ನಾನು ಯಾರು ನಿನಗೆ ಹೇಳೋಕೆ, ಹಚ್ಚು.

ತುಟಿ ಅಲುಗುತ್ತಿರಬೇಕು, ಪಕ್ಕದವನು ಏನೂ ಕೇಳದೆ ತಾನೂ ಪ್ರಾರ್ಥನೆ ಮಾಡತೊಡಗಿದ್ದಾನೆ, ಅಕ್ಕನ ಹೆಸರೇನು ಎಂದು ಮೆಲ್ಲಗೆ ಕೇಳಿದ, ಸಾವೆತಾ, ಅವನೂ ಸಾವೆತಾ ಎಂದ, ಮುಂದಿನ ಸೀಟಿನ ಮುದುಕಿಯೂ ಅಂದಳು, ಅವಳಿಗೆ ಹೇಗೆ ತಿಳಿಯಿತೋ. ಬಿಸಿಲು ಮತ್ತೆ ಬಂತು. ಆರಿದ ಬತ್ತಿಯನ್ನು ನೆಟ್ಟಗೆ ಹಿಡಿದಿದ್ದಾಳೆ, ಇನ್ನೊಂದು ಕೈ ತಾನಾಗಿಯೇ ಅದಕ್ಕೆ ಅಡ್ಡ ಹೋಗಿದೆ, ಬಿಸಿಲು ಬೆರಳುಗಳ ಹಿಂದಿನಿಂದ ಬಿದ್ದು ಸಂದಿಯೆಲ್ಲ ಕೆಂಪಾಯಿತು, ಇದು ಯಾರ ಕೈ, ಚರ್ಮ ಸಡಿಲವಾಗಿದೆ, ಗೆಣ್ಣು ದಪ್ಪವಾಗಿದೆ, ಪಾತ್ರೆ ತೊಳೆದ, ಬೆನ್ನು ಒರೆಸಿದ ಕೈ, ಆದರೆ ಕೆಂಪು ಅದೇ, ಹೋಗು ಅಕ್ಕಾ, ನನ್ನ ನೋಡಬೇಡ, ನಿನ್ನ ಬತ್ತಿ ನೋಡ್ಕೋ, ನಾನು ಬರ್ತೀನಿ ನಿಧಾನಕ್ಕೆ, ಮಂಜಿದೆ, ನೀನು ಕಾಯಬೇಡ, ನನ್ನ ಕ್ಷಮಿಸು, ದೇವರು ನಿನ್ನ ಕ್ಷಮಿಸಲಿ, ಮಗಳನ್ನ ನೀನೇ ಸಾಕಿದ್ದು, ಅವಳು ನಿನ್ನ ಮಗಳು, ಆಯ್ತಾ, ಅಂದೆನಲ್ಲ, ಅಂದುಬಿಟ್ಟೆ, ಅವಳು ಹಿಡಿದರೆ ನನಗೇನೂ ಇಲ್ಲ, ಇದೆ, ಇದ್ದರೂ ಪರವಾಗಿಲ್ಲ, ಹೋಗು. ಬಿಸಿಲು ಹೋಯಿತು, ಇನ್ನೊಂದು ಸುತ್ತಿಗೆ ಬರುತ್ತದೆ ಎಂದು ಕೈಯನ್ನು ಹಾಗೆಯೇ ಹಿಡಿದಿದ್ದಳು, ಬರಲಿಲ್ಲ, ವಿಮಾನದ ಮೂಗು ಕೆಳಗಾಯಿತು, ಕಿಟಕಿಗೆ ಬಿಳಿ ಮೆತ್ತಿಕೊಂಡಿತು, ಆಮೇಲೆ ಬೂದು, ಎಷ್ಟೋ ಹೊತ್ತು ಬೂದು, ಇದ್ದಕ್ಕಿದ್ದಂತೆ ಕಪ್ಪು ನೆಲ, ಒದ್ದೆ ಹುಲ್ಲು, ಚಕ್ರ ಒಮ್ಮೆ ಕುಪ್ಪಳಿಸಿ ಕೂತಿತು. ಜನ ಚಪ್ಪಾಳೆ ತಟ್ಟಿದರು, ಯಾಶ್‌ನಲ್ಲಿ ಇಳಿದಾಗಲೆಲ್ಲ ತಟ್ಟುತ್ತಾರೆ, ಗಾರೆಯವನು ತಟ್ಟಲು ಕೈಯೆತ್ತಿ ಇವಳನ್ನು ನೋಡಿ ಇಳಿಸಿದ.

ಫೋನು ಹೊತ್ತಿಕೊಳ್ಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಬೆರಳು ಜಾರುತ್ತದೆ, ಜನ ಬೆಲ್ಟಿನ ದೀಪ ಆರುವ ಮೊದಲೇ ಎದ್ದು ಚೀಲ ಇಳಿಸುತ್ತಿದ್ದಾರೆ, ಒಂದೇ ಸಲ ರಿಂಗಾಯಿತು, ಎತ್ತಿದಳು. ಅಮ್ಮ ಹೋದ್ಲು, ಎಂದಳು ಇಲಿಂಕಾ. ಅಮ್ಮ ಹೋದಳು. ನನ್ನ ಮಗಳು ಫೋನಿನಲ್ಲಿ ನನಗೆ ಅಮ್ಮ ಹೋದಳು ಎನ್ನುತ್ತಿದ್ದಾಳೆ, ಮಾತು ಸರಿಯಾಗಿಯೇ ಇದೆ, ಹೌದು ಮಗಳೇ, ನಿನ್ನ ಅಮ್ಮ ಹೋದಳು. ಯಾವಾಗ. ಈಗ ಸ್ವಲ್ಪ ಹೊತ್ತಾಯ್ತು. ಅಲ್ಲಿ ಹೆಂಗಸರು ಏನೋ ಪಿಸುಗುಡುತ್ತಿದ್ದಾರೆ, ಬಿಸಿನೀರು ತನ್ನಿ ಎನ್ನುತ್ತಿದ್ದಾರೆ, ಆಮೇಲೆ ಇಲಿಂಕಾಳೇ, ನಾನು ಹಚ್ಚಿದೆ, ನಿಂಗೆ ಮಾತು ಕೊಟ್ಟಿದ್ದೆ, ಆದ್ರೂ ಹಚ್ಚಿದೆ, ಅವಳದ್ದೇ ಬತ್ತಿ, ದೇವರ ಪಟದ ಹಿಂದೆ ಇಟ್ಟಿದ್ಲು, ಅವಳು ಬಾಗಿಲನ್ನೇ ನೋಡ್ತಿದ್ಲು, ನೀನಿನ್ನೂ ಬಂದಿರಲಿಲ್ಲ, ನೋಡೋಕಾಗ್ಲಿಲ್ಲ ನಂಗೆ, ಬೈತೀಯಾ. ಇಲ್ಲ. ಬೈಯಲ್ಲ ಮಗಳೇ. ಒಳ್ಳೇದು ಮಾಡ್ದೆ. ಗಾರೆಯವನು ಸಾಲಿಗೆ ಅಡ್ಡ ನಿಂತು, ಸ್ವಲ್ಪ ತಡೀರಪ್ಪಾ, ಈ ಅಕ್ಕ ಮೊದಲು ಇಳೀಲಿ ಎಂದು ಹಿಂದಿನವರನ್ನು ನಿಲ್ಲಿಸಿದ್ದಾನೆ, ದಾರಿ ಬಿಡಿಸಿದ್ದಾನೆ, ಬನ್ನಿ ಅಕ್ಕಾ, ರೊದಿಕಾ ಏಳಲಿಲ್ಲ, ಅವಸರ ಇನ್ನೆಲ್ಲಿಯದು, ಗಾಳಿ ಇತ್ತಾ, ಎಂದು ಕೇಳಿದಳು. ಏನು. ಹಚ್ಚಿದಾಗ ಗಾಳಿ ಇತ್ತಾ. ಅಜ್ಜಿ ಕಿಟಕಿ ತೆಗೆದಿಟ್ಟಿದ್ರು, ಜೀವ ಹೋಗೋಕೆ ದಾರಿ ಅಂತ, ಗಾಳಿ ಜೋರಾಗೇ ಬಂತು. ಆಮೇಲೆ. ನಾನು ಕೈ ಅಡ್ಡ ಹಿಡಿದೆ, ಆರಲಿಲ್ಲ, ಅಮ್ಮ ಆಗ ಬಾಗಿಲು ಬಿಟ್ಟು ನನ್ನ ಕೈನೇ ನೋಡಿದ್ಲು, ಕೊನೇವರ್ಗೂ ಅದನ್ನೇ. ಬನ್ನಿ ಅಕ್ಕಾ, ಎನ್ನುತ್ತಿದ್ದಾನೆ ಅವನು, ಬಾಗಿಲು ತೆರೆದಿದೆ, ಊರಿನ ಹೊಗೆ ಬೆರೆತ ಮಂಜು ಒಳಗೆ ಬರುತ್ತಿದೆ, ಏಳಬೇಕು, ಎದ್ದು ನಡೆಯಬೇಕು, ಇಪ್ಪತ್ತೆರಡು ವರ್ಷದ ಹುಡುಗಿಯ ಕೈ, ಅವಳಿಗೆ ಯಾರು ಹೇಳಿಕೊಟ್ಟರು ಹಾಗೆ ಹಿಡಿಯುವುದನ್ನು, ಗೊತ್ತಿದೆ ಯಾರೆಂದು, ಕಿಟಕಿಯಿಂದ ಗಾಳಿ, ಬತ್ತಿ, ಅಡ್ಡ ಹಿಡಿದ ಕೈ, ಬೆರಳ ಸಂದಿಯಲ್ಲಿ ಕೆಂಪು, ಅಡ್ಡ ಹಿಡಿದ ಕೈ, ಬೆರಳ ಸಂದಿಯಲ್ಲಿ ಕೆಂಪು